ಡೀಲರ್ ಮೊದಲಾ, ವಿಮಾನ ತಯಾರಿಸುವ ಕಂಪನಿ ಮೊದಲಾ?

ಪ್ರಶ್ನೆ: ಪುಣೆಯ ಭೋಸರಿ ಎಂಐಡಿಸಿಯಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ಊರು ವಿಜಯಪುರ. ಮೀನುಗಾರಿಕೆ ಬೋಟುಗಳಿಗೆ ಜಿಪಿಎಸ್ ಪ್ಲಾಟರ್ (ಬೋಟು ಎಲ್ಲಿದೆ ಎಂದು ನಕ್ಷೆಯ ಮೇಲೆ ತೋರಿಸುವ ಪರದೆ) ಮಾಡುವುದರಿಂದ ಶುರು ಮಾಡಿದೆವು. ರತ್ನಾಗಿರಿ, ಗೋವಾ, ಕಾರವಾರ, ಮಲ್ಪೆಗೆ ನಾವೇ ಹೋಗಿ ಮಾರುತ್ತೇವೆ. ಆಮೇಲೆ ಡ್ರೋನ್‌ಗಳಿಗೆ ನ್ಯಾವಿಗೇಶನ್ ಮಾಡ್ಯೂಲ್ ಮಾಡಿದೆವು, ಜಿಪಿಎಸ್ ಸಿಗ್ನಲ್ ಸುಳ್ಳಾದರೆ ಅದು ಗುರುತಿಸಿ, ಸ್ವಲ್ಪ ಹೊತ್ತು ಗೈರೋ ಸೆನ್ಸರ್‌ಗಳ ಮೇಲೆ ದಾರಿ ಕಾಯುತ್ತದೆ. ಈಗ ಸಣ್ಣ ವಿಮಾನಗಳಿಗೆ ಒಂದು ಡಿಸ್‌ಪ್ಲೇ ತಯಾರಾಗಿದೆ. ಜಿಪಿಎಸ್, ಚಲಿಸುವ ನಕ್ಷೆ, ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಹೊರೈಜನ್, ಮೂರೂ ಒಂದೇ ಡಬ್ಬಿಯಲ್ಲಿವೆ. ಎರಡು ಫ್ಲೈಯಿಂಗ್ ಸ್ಕೂಲಿನವರು ಕಾಕ್‌ಪಿಟ್‌ನಲ್ಲಿ ಇಟ್ಟುಕೊಂಡು ನೋಡುತ್ತಿದ್ದಾರೆ, ಚೆನ್ನಾಗಿದೆ ಅಂತಿದ್ದಾರೆ. ಮುಂಬಯಿಯ ವ್ಯಾಪಾರಿಯೊಬ್ಬರು ಇಡೀ ಭಾರತಕ್ಕೆ ತಾನೊಬ್ಬನೇ ಡೀಲರ್ ಆಗುತ್ತೇನೆ, 25 ಲಕ್ಷ ಅಡ್ವಾನ್ಸ್ ಕೊಡುತ್ತೇನೆ ಎನ್ನುತ್ತಿದ್ದಾರೆ. ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ಭಾವ ಮಾತ್ರ, ‘ಡೀಲರ್ ಗೀಲರ್ ಬೇಡ, ಎಚ್‌ಎಎಲ್‌ನ ಒಂದು ಆರ್ಡರ್ ಸಿಕ್ಕರೆ ಸಾಕು’ ಎನ್ನುತ್ತಾರೆ. ಯಾವುದು ಮೊದಲು? ಈ ವ್ಯವಹಾರಕ್ಕೆ ನಾವು ಬೆಂಗಳೂರಿಗೇ ಬರಬೇಕಾ?

ಉತ್ತರ: ಮೊದಲು ಡೀಲರ್. ಆದರೆ ನಿಮಗೆ ಬಂದಿರುವ ಆ ಡೀಲರ್ ಅಲ್ಲ. ಎಚ್‌ಎಎಲ್ ಆಮೇಲೆ. ಅದಕ್ಕೆ ಬೇಕಾದ ಕಾಗದದ ಕೆಲಸ ಮಾತ್ರ ಈ ತಿಂಗಳೇ ಶುರುವಾಗಲಿ. ಮತ್ತೆ ಮೂರನ್ನೂ ಒಂದೇ ಡಬ್ಬಿಗೆ ತುಂಬಿದ್ದೀರಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಅದರದ್ದೇ. ಅದಕ್ಕೆ ಕೊನೆಗಲ್ಲ, ನಡುವೆಯೇ ಬರುತ್ತೇನೆ.

ಡೀಲರ್ ಅಂದಕೂಡಲೇ ನಮಗೆ ಅಂಗಡಿ, ಗೋಡೌನ್, ಕಮಿಷನ್ ನೆನಪಾಗುತ್ತದೆ. ವಿಮಾನದ ಎಲೆಕ್ಟ್ರಾನಿಕ್ಸ್‌ನಲ್ಲಿ ಡೀಲರ್ ಅಂದರೆ ವರ್ಕ್‌ಶಾಪ್. ಡಬ್ಬಿ ಮಾರುವುದು ಅವನ ಕೆಲಸದಲ್ಲಿ ಸಣ್ಣ ಭಾಗ. ಕೂರಿಸುವುದು, ವೈರಿಂಗ್ ಮಾಡುವುದು, ಪರೀಕ್ಷೆ ಮಾಡುವುದು, ಲಾಗ್‌ಬುಕ್ಕಿನಲ್ಲಿ ಸಹಿ ಹಾಕುವುದು, ಕೆಟ್ಟಾಗ ಬಿಚ್ಚಿ ಕಳಿಸುವುದು ಎಲ್ಲ ಅವನದೇ. ನಮ್ಮ ದೇಶದಲ್ಲಿ ಅದಕ್ಕೆ ನಾಗರಿಕ ವಿಮಾನಗಳ ನಿಯಂತ್ರಕ ಡಿಜಿಸಿಎಯ ಸಿಎಆರ್-145 ಎಂಬ ನಿಯಮದ ಮಾನ್ಯತೆ ಇರುವ ಸಂಸ್ಥೆ ಬೇಕು. ಏವಿಯಾನಿಕ್ಸ್ ಲೈಸೆನ್ಸ್ ಇರುವ ಎಂಜಿನಿಯರ್ ಬೇಕು. ಮುಂಬಯಿಯ ಆ ವ್ಯಾಪಾರಿ ಹತ್ತಿರ ಇವೆರಡೂ ಇವೆಯಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಹಾಗಾಗಿ ಇಲ್ಲ ಎಂದೇ ಹಿಡಿದುಕೊಂಡಿದ್ದೇನೆ.

ಒಂದು ಸೆಸ್ನಾ 172ರಲ್ಲಿ ನಿಮ್ಮ ಡಬ್ಬಿ ಕೂರಿಸುವಾಗ ಏನೇನಾಗುತ್ತದೆ ನೋಡಿ. ಪ್ಯಾನೆಲ್ ಬಿಚ್ಚಬೇಕು. ಸರ್ಕ್ಯೂಟ್ ಬ್ರೇಕರ್‌ಗೆ ಜಾಗ ಹುಡುಕಬೇಕು. ಆಂಟೆನಾಕ್ಕಾಗಿ ವಿಮಾನದ ಮೇಲ್ಭಾಗದಲ್ಲಿ ತೂತು ಕೊರೆದು, ಒಳಗಿನಿಂದ ತಗಡಿನ ಬಲ ಕೊಡಬೇಕು. ಕೇಬಲ್ ಎಳೆಯಬೇಕು. ಕನೆಕ್ಟರ್ ಪಿನ್ನುಗಳನ್ನು ಸರಿಯಾದ ಕ್ರಿಂಪಿಂಗ್ ಉಪಕರಣದಿಂದಲೇ ಒತ್ತಬೇಕು, ಇಕ್ಕಳದಲ್ಲಿ ಒತ್ತಿದರೆ ಆರು ತಿಂಗಳಲ್ಲಿ ಕಂಪನಕ್ಕೆ ಸಡಿಲವಾಗುತ್ತವೆ. ಆಮೇಲೆ ತೂಕದ ಲೆಕ್ಕ ತಿದ್ದಬೇಕು, ದಿಕ್ಸೂಚಿಯನ್ನು ಮತ್ತೆ ಸರಿಹೊಂದಿಸಬೇಕು, ಪೈಲಟ್‌ನ ಕೈಪಿಡಿಗೆ ಪುರವಣಿ ಸೇರಿಸಬೇಕು.

ಇದೆಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಇದೆ. ಡೀಲರ್ ಆಗಲು ಬಂದವರಿಗೆ ನಾನು ಮೊದಲು ಕೇಳುವುದೇ ಅದನ್ನು. ವಿಎಚ್‌ಎಫ್ ರೇಡಿಯೊವನ್ನು 121.15 ಮೆಗಾಹರ್ಟ್ಸ್‌ಗೆ ಇಟ್ಟು, ಮೈಕಿನ ಗುಂಡಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಜಿಪಿಎಸ್ ಪರದೆ ನೋಡುತ್ತಿರಿ. 121.15ನ್ನು 13ರಿಂದ ಗುಣಿಸಿದರೆ 1574.95. ಜಿಪಿಎಸ್‌ನ ಎಲ್1 ಸಿಗ್ನಲ್ ಇರುವುದು 1575.42ರಲ್ಲಿ, ಹತ್ತಿರ ಹತ್ತಿರ ಅದರ ಮೇಲೇ. ರೇಡಿಯೊದಿಂದ ಸೋರುವ ಆ ಹದಿಮೂರನೇ ಪಟ್ಟಿನ ಅಲೆ, ಆಕಾಶದಿಂದ ಬರುವ ಕ್ಷೀಣ ಸಿಗ್ನಲನ್ನು ಮುಳುಗಿಸಿಬಿಡುತ್ತದೆ. ಪರದೆಯಲ್ಲಿ ಉಪಗ್ರಹಗಳ ಕಂಬಗಳು ಒಂದೊಂದಾಗಿ ಕುಸಿಯುತ್ತವೆ. 131.3ರಲ್ಲಿ ಹನ್ನೆರಡನೇ ಪಟ್ಟು ಇದೇ ಆಟ ಆಡುತ್ತದೆ. ಆಂಟೆನಾವನ್ನು ರೇಡಿಯೊ ಆಂಟೆನಾದಿಂದ ದೂರ ಇಟ್ಟರೆ ಅಥವಾ ರೇಡಿಯೊಗೆ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ. ಗೊತ್ತಿರುವವನು ನೆಲದ ಮೇಲೇ ಇದನ್ನು ಹಿಡಿಯುತ್ತಾನೆ. ಗೊತ್ತಿಲ್ಲದವನು ಕೂರಿಸಿ ಕಳಿಸುತ್ತಾನೆ, ಪೈಲಟ್ ಟವರ್ ಜೊತೆ ಮಾತಾಡುವಾಗಲೆಲ್ಲ ನಕ್ಷೆ ನಿಂತುಹೋಗುತ್ತದೆ, ಒಂದು ವಾರದಲ್ಲಿ ‘ಪುಣೆಯವರ ಡಬ್ಬಿ ಸರಿಯಿಲ್ಲ’ ಅನ್ನುವ ಮಾತು ಬಾರಾಮತಿಯಿಂದ ಗೊಂದಿಯಾ ಮುಟ್ಟಿರುತ್ತದೆ. ನಮ್ಮಲ್ಲಿ ಫ್ಲೈಯಿಂಗ್ ಸ್ಕೂಲುಗಳ ಎಂಜಿನಿಯರುಗಳೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರೇ.

ಹಾಗಾಗಿ 25 ಲಕ್ಷದ ವಿಷಯ. ವಿಮಾನದ ಡಬ್ಬಿಗೆ ಇಡೀ ಭಾರತದ ಹಕ್ಕನ್ನು ಯಾರಿಗೂ ಕೊಡಬೇಡಿ, ವರ್ಕ್‌ಶಾಪ್ ಇಲ್ಲದವರಿಗಂತೂ ಬೇಡವೇ ಬೇಡ. ಅಡ್ವಾನ್ಸ್ ತೆಗೆದುಕೊಂಡ ದಿನದಿಂದ ಅದು ನಿಮ್ಮ ತಲೆ ಮೇಲಿನ ಸಾಲ. ಅವರು ಮಾರದಿದ್ದರೂ ನೀವು ಬೇರೆಯವರಿಗೆ ಮಾರುವ ಹಾಗಿಲ್ಲ. ಆ ವ್ಯಾಪಾರಿ ಒಳ್ಳೆಯವರೇ ಇರಬಹುದು. ಅವರಿಗೆ ಬೋಟಿನ ಪ್ಲಾಟರ್ ಕೊಟ್ಟು ನೋಡಿ. ಸಾಸೂನ್ ಡಾಕ್‌ನಿಂದ ವರ್ಸೋವಾವರೆಗಿನ ಬೋಟುಗಳಿಗೆ ಮಾತ್ರ, ಒಂದು ವರ್ಷಕ್ಕೆ ಮಾತ್ರ, ಮೂರು ತಿಂಗಳಿಗೊಮ್ಮೆ ಇಷ್ಟು ಎತ್ತಬೇಕು ಎಂಬ ಷರತ್ತಿನ ಮೇಲೆ. ಎತ್ತದಿದ್ದರೆ ಹಕ್ಕು ತಾನಾಗಿ ಮುಗಿಯಬೇಕು, ನೀವು ನೋಟಿಸ್ ಕೊಡುವ ಕೆಲಸವೂ ಇರಬಾರದು.

ಬೋಟಿನ ಮಾರುಕಟ್ಟೆ ಬಗ್ಗೆ ಒಂದು ಎಚ್ಚರಿಕೆ. 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಯೋಜನೆಯಲ್ಲಿ 1 ಲಕ್ಷ ಮೀನುಗಾರಿಕೆ ಬೋಟುಗಳಿಗೆ ಟ್ರಾನ್ಸ್‌ಪಾಂಡರ್, ಅಂದರೆ ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಸುವ ಉಪಕರಣ, ಹಾಕುವ ಗುರಿ ಇದೆ. ಸರ್ಕಾರವೇ ಕೈಗೆ ಕೊಡುವ ವಸ್ತುವಿನ ಜೊತೆ ಪೈಪೋಟಿಗೆ ಇಳಿಯಬೇಡಿ. ನಿಮ್ಮ ಪ್ಲಾಟರ್ ಆ ಟ್ರಾನ್ಸ್‌ಪಾಂಡರ್ ಪಕ್ಕದಲ್ಲಿ ಇರಬೇಕಾದ ವಸ್ತು ಎಂದು ತೋರಿಸಿ. ಮಲ್ಪೆಯಲ್ಲಿ ಬಲೆ ಎಲ್ಲಿ ಹಾಕಿದ್ದೆ, ಬಂಡೆ ಎಲ್ಲಿತ್ತು ಅನ್ನುವ ಗುರುತುಗಳೇ ಬೋಟು ನಡೆಸುವ ತಾಂಡೇಲನಿಗೆ ಆಸ್ತಿ.

ಈಗ ಬೆಲೆ. ಇಲ್ಲಿಯವರೆಗೆ ನೀವೇ ನೇರವಾಗಿ ಮಾರಿದ್ದೀರಿ. ಹಾಗಾಗಿ ನಿಮ್ಮ ಬೆಲೆಯಲ್ಲಿ ಡೀಲರ್‌ನ ಪಾಲು ಸೇರಿರುವುದಿಲ್ಲ. ಲೆಕ್ಕಕ್ಕೆ ಸುಲಭವಾಗಲಿ ಅಂತ ಡಬ್ಬಿಗೆ 4 ಲಕ್ಷ ಇಟ್ಟುಕೊಳ್ಳಿ. ಡೀಲರ್‌ಗೆ ಕಾಲು ಭಾಗ ಬಿಟ್ಟರೆ ನಿಮ್ಮ ಕೈಗೆ 3 ಲಕ್ಷ. ಆ 3 ಲಕ್ಷದಲ್ಲಿ ನಿಮ್ಮ ಖರ್ಚು, ವಾರಂಟಿ, ಮುಂದಿನ ಪ್ರಮಾಣಪತ್ರದ ಖರ್ಚು ಎಲ್ಲ ಹುಟ್ಟಬೇಕು. ಹುಟ್ಟುವುದಿಲ್ಲ ಎಂದಾದರೆ ಬೆಲೆ ತಪ್ಪಾಗಿದೆ. ಅದನ್ನು ಈಗಲೇ ತಿದ್ದಿ. ಒಮ್ಮೆ ಡೀಲರ್ ಇಟ್ಟ ಮೇಲೆ, ‘ಸರ್, ನಾವು ಹಳೇ ಗಿರಾಕಿ ಅಲ್ವಾ’ ಅಂತ ಫ್ಲೈಯಿಂಗ್ ಸ್ಕೂಲಿನವರು ಫೋನ್ ಮಾಡಿದಾಗ 3 ಲಕ್ಷದ 30 ಸಾವಿರಕ್ಕೆ ಹಿಂಬಾಗಿಲಿಂದ ಕೊಟ್ಟರೆ, ಆ ಡೀಲರ್ ಮುಂದೆ ನಿಮ್ಮ ಡಬ್ಬಿಯ ಮಾತೇ ಎತ್ತುವುದಿಲ್ಲ. ಈಗಿನ ಎರಡು ಸ್ಕೂಲುಗಳಿಗೆ ಏನು ದರ ಕೊಟ್ಟಿದ್ದೀರೋ ಅದನ್ನು ಬರೆದಿಟ್ಟು, ಬರುವ ಡೀಲರ್‌ಗೆ ಮೊದಲ ದಿನವೇ ಹೇಳಿಬಿಡಿ.

ವಾರಂಟಿಯಲ್ಲಿ ಎಲ್ಲರೂ ಮರೆಯುವ ಖರ್ಚು ಬಿಚ್ಚುವ ಕೂಲಿ. ಡಬ್ಬಿ ಕೆಟ್ಟರೆ ನೀವು ಪುಕ್ಕಟೆ ರಿಪೇರಿ ಮಾಡಿಕೊಡುತ್ತೀರಿ, ಸರಿ. ಅದನ್ನು ವಿಮಾನದಿಂದ ತೆಗೆದು, ಮತ್ತೆ ಕೂರಿಸಿ, ಪರೀಕ್ಷೆ ಮಾಡಿ ಸಹಿ ಹಾಕುವ ಗಂಟೆಗಳಿಗೆ ದುಡ್ಡು ಕೊಡುವವರು ಯಾರು? ನೀವು ಕೊಡದಿದ್ದರೆ ಡೀಲರ್ ತನ್ನ ಕೈಯಿಂದ ಹಾಕುತ್ತಾನೆ, ಎರಡನೇ ಸಲ ಹಾಕುವುದಿಲ್ಲ. ಗಂಟೆಗೆ ಇಷ್ಟು, ಒಂದು ಸಲಕ್ಕೆ ಗರಿಷ್ಠ ಇಷ್ಟು ಗಂಟೆ ಅಂತ ಒಪ್ಪಂದದಲ್ಲೇ ಬರೆಯಿರಿ. ಇನ್ನೊಂದು, ವಿಮಾನ ನಿಂತರೆ ಫ್ಲೈಯಿಂಗ್ ಸ್ಕೂಲಿಗೆ ದಿನದ ಲೆಕ್ಕದಲ್ಲಿ ನಷ್ಟ. ಕೆಟ್ಟ ಡಬ್ಬಿ ಭೋಸರಿಗೆ ಬಂದು, ರಿಪೇರಿಯಾಗಿ ವಾಪಸ್ ಹೋಗುವ ತನಕ ಅವರು ಕಾಯುವುದಿಲ್ಲ. ಪ್ರತಿ ಡೀಲರ್ ಹತ್ತಿರ ಬದಲಿ ಡಬ್ಬಿಯೊಂದು ಕಪಾಟಿನಲ್ಲಿ ಇರಲೇಬೇಕು, ಅದೂ ನಿಮ್ಮ ಖರ್ಚಿನಲ್ಲಿ. ಐದು ಡೀಲರ್ ಅಂದರೆ ಐದು ಡಬ್ಬಿ, ಅಂದರೆ ಮೇಲಿನ ಲೆಕ್ಕದಲ್ಲಿ 15 ಲಕ್ಷ ಸುಮ್ನೆ ಕೂತಿರುತ್ತದೆ. ಎಷ್ಟು ಡೀಲರ್ ಬೇಕು ಎಂಬುದನ್ನು ಭಾರತದ ನಕ್ಷೆ ಹರಡಿಕೊಂಡು ಲೆಕ್ಕ ಹಾಕಬೇಡಿ. ಎಷ್ಟು ಬದಲಿ ಡಬ್ಬಿ ಇಡಲು ಆಗುತ್ತದೆ ಎಂದು ನೋಡಿ. ನಿಮ್ಮ ಗಾತ್ರಕ್ಕೆ ಮೊದಲ ವರ್ಷ ಇಬ್ಬರು ಸಾಕು. ಒಬ್ಬರು ಮಹಾರಾಷ್ಟ್ರದ ಸ್ಕೂಲುಗಳಿಗೆ ಹತ್ತಿರ ಇರುವವರು. ಇನ್ನೊಬ್ಬರು ಹೆಲಿಕಾಪ್ಟರ್ ಕೆಲಸ ಗೊತ್ತಿರುವವರು, ಜುಹೂ ಕಡೆ. ಅಲ್ಲಿಂದ ಸಮುದ್ರದ ತೈಲ ಬಾವಿಗಳಿರುವ ಬಾಂಬೆ ಹೈಗೆ ಹಾರುವ ಹೆಲಿಕಾಪ್ಟರುಗಳಿಗೆ ನಿಮ್ಮ ಡಬ್ಬಿ ಈಗಲೇ ಹೋಗುವುದಿಲ್ಲ, ಆದರೆ ಉಪ್ಪು ಗಾಳಿ, ಕಂಪನ ಕಂಡ ಕೈಗಳು ಅಲ್ಲಿವೆ. ಬೋಟು ಮಾಡಿದ ನಿಮಗೆ ಉಪ್ಪಿನ ಕಾಟ ನಾನು ಹೇಳಿಕೊಡಬೇಕಾಗಿಲ್ಲ.

ಈಗ ಡಬ್ಬಿಯ ವಿಷಯ. ಸ್ಕೂಲಿನವರು ಅದನ್ನು ಸದ್ಯ ಕಾಕ್‌ಪಿಟ್‌ನಲ್ಲಿ ಇಟ್ಟುಕೊಂಡಿದ್ದಾರೆ, ಅಂದರೆ ಕೈಯಲ್ಲಿ ಒಯ್ಯುವ ವಸ್ತು. ಸ್ಕ್ರೂ ಹಾಕಿ ಪ್ಯಾನೆಲ್‌ಗೆ ಸೇರಿಸಿ, ವಿಮಾನದ ಕರೆಂಟು ಕೊಟ್ಟ ಕ್ಷಣ ಅದು ಮಾಡಿಫಿಕೇಶನ್. ಒಪ್ಪಿಗೆ ಪಡೆದ ವಿನ್ಯಾಸ ದಾಖಲೆ ಇಲ್ಲದೆ ಯಾವ ಎಂಜಿನಿಯರೂ ಸಹಿ ಹಾಕುವುದಿಲ್ಲ. ‘ಚೆನ್ನಾಗಿದೆ, ನೀವೇ ಸ್ವಲ್ಪ ಫಿಟ್ ಮಾಡಿಕೊಡಿ’ ಅಂತ ಸ್ಕೂಲಿನವರು ಕೇಳಿದರೆ ದಯವಿಟ್ಟು ಬೇಡ ಅನ್ನಿ. ವಿಮಾನದ ಹಾರಾಟ ಯೋಗ್ಯತೆಗೇ ಅಲ್ಲಿ ತೊಡಕಾಗುತ್ತದೆ.

ಕಾಯಂ ಕೂರಿಸುವ ಉಪಕರಣಕ್ಕೆ ಟಿಎಸ್‌ಒ ಎಂಬ ಮಾನದಂಡಗಳಿವೆ. ನಮ್ಮಲ್ಲಿ ಸಿಎಆರ್-21ರ ಅಡಿಯಲ್ಲಿ ಭಾರತೀಯ ಟಿಎಸ್‌ಒ ಮಾನ್ಯತೆ ಕೊಡುತ್ತಾರೆ. ಉಪಗ್ರಹ ನೆರವಿನ ಜಿಪಿಎಸ್‌ಗೆ ಸಿ145, ಸಿ146. ನಿಮ್ಮ ಮಾಡ್ಯೂಲ್‌ಗೆ ಗಗನ್ (ಜಿಪಿಎಸ್‌ನ ತಪ್ಪು ತಿದ್ದುವ ನಮ್ಮ ದೇಶದ ಉಪಗ್ರಹ ವ್ಯವಸ್ಥೆ) ಸಿಗ್ನಲ್ ಸಿಗುತ್ತದೆ ಎಂದು ಪತ್ರದ ಜೊತೆ ಕಳಿಸಿದ ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಸಿಗುವುದು ಬೇರೆ, ಅದನ್ನು ನಂಬಿ ಮೋಡದೊಳಗೆ ಇಳಿಯಬಹುದು ಎಂದು ಪ್ರಮಾಣೀಕರಿಸುವುದು ಬೇರೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಗೇ 2013ರ ಕೊನೆಯಲ್ಲಿ ಮಾರ್ಗದ ಬಳಕೆಗೆ ಒಪ್ಪಿಗೆ ಸಿಕ್ಕಿತು. ಇಳಿಯುವ ಮಟ್ಟದ ಒಪ್ಪಿಗೆ ಬರಲು 2015ರ ಏಪ್ರಿಲ್ ಆಯಿತು. ಅದನ್ನು ಬಳಸಿ ಇಂಡಿಗೋದ ಎಟಿಆರ್ ವಿಮಾನ ಕಿಶನ್‌ಗಢದಲ್ಲಿ ಇಳಿದದ್ದು 2022ರ ಏಪ್ರಿಲ್‌ನಲ್ಲಿ. ಈ ರಂಗದ ಗಡಿಯಾರ ಹೀಗೆ ನಡೆಯುತ್ತದೆ. ನಿಮ್ಮ ಬ್ಯಾಂಕ್ ಸಾಲದ ಕಂತಿನ ಗಡಿಯಾರ ಹೀಗೆ ನಡೆಯುವುದಿಲ್ಲ, ಅದಕ್ಕೇ ಡೀಲರ್ ದಾರಿ ಮೊದಲು ಅಂದೆ.

ಮೂರನ್ನು ಒಂದೇ ಡಬ್ಬಿಯಲ್ಲಿ ಇಟ್ಟರೆ ತೊಂದರೆ ಏನು? ಸಾಫ್ಟ್‌ವೇರ್‌ಗೆ ಡಿಒ-178ಸಿ ಎಂಬ ಮಾನದಂಡ ಇದೆ. ಕೆಟ್ಟರೆ ಎಷ್ಟು ಅನಾಹುತ ಎಂಬುದರ ಮೇಲೆ ‘ಎ’ಯಿಂದ ‘ಇ’ ತನಕ ಐದು ಹಂತ. ಡಿ ಹಂತದಲ್ಲಿ ಪೂರೈಸಬೇಕಾದ ಗುರಿಗಳು 26. ಸಿ ಹಂತಕ್ಕೆ ಬಂದರೆ 62. ಎ ಹಂತದಲ್ಲಿ 71. ನೋಡಿ, ಕಡಿದಾದ ಮೆಟ್ಟಿಲು ಡಿ ಮತ್ತು ಸಿ ನಡುವೆ ಇದೆ. ನಕ್ಷೆ ಬರೀ ತಿಳಿವಳಿಕೆಗೆ, ದಾರಿ ನೋಡಲು ಬೇರೆ ಉಪಕರಣ ಇದೆ ಎಂದಾದರೆ ಕೆಳಗಿನ ಹಂತದಲ್ಲಿ ಮುಗಿಸುವ ಅವಕಾಶ ಇರುತ್ತದೆ. ಹೊರೈಜನ್ ಹಾಗಲ್ಲ. ಮೋಡದೊಳಗೆ ಪೈಲಟ್‌ಗೆ ತನ್ನ ಮೈ ಕೊಡುವ ಸೂಚನೆ ನಂಬಲಾಗುವುದಿಲ್ಲ, ಆ ಗೆರೆಯೊಂದೇ ಗತಿ. ಗೆರೆ ಸುಳ್ಳು ಹೇಳಿದರೆ ವಿಮಾನ ಹೋಯಿತು. ಅದಕ್ಕೆ ಹಂತ ಮೇಲೆ ಹೋಗುತ್ತದೆ. ಒಂದೇ ಪ್ರೊಸೆಸರ್‌ನಲ್ಲಿ ಎರಡೂ ಓಡುತ್ತಿದ್ದರೆ, ಒಂದು ಇನ್ನೊಂದನ್ನು ಕೆಡಿಸುವುದಿಲ್ಲ ಎಂದು ಸಾಧಿಸಿ ತೋರಿಸದ ಹೊರತು, ನಕ್ಷೆಯ ಪ್ರತಿ ಸಾಲು ಕೋಡ್ ಕೂಡ ಆ ಮೇಲಿನ ಹಂತಕ್ಕೆ ಏರಬೇಕು. ಬಣ್ಣ ಬಳಿಯುವ ಕೋಡಿಗೂ ಅದೇ ಪರೀಕ್ಷೆ. ನಿಮ್ಮ ಹುಡುಗರಿಗೆ ವಯಸ್ಸಾಗಿಬಿಡುತ್ತದೆ.

ಎರಡು ಡಬ್ಬಿ ಮಾಡಿ. ಒಂದು ನಕ್ಷೆ, ಇನ್ನೊಂದು ಹೊರೈಜನ್. ಎರಡನೆಯದನ್ನು 3⅛ ಇಂಚಿನ ಗುಂಡಗಿನ ತೂತಿಗೆ ಕೂರುವಂತೆ ಮಾಡಿ. ಸಣ್ಣ ವಿಮಾನದ ಪ್ಯಾನೆಲ್‌ನಲ್ಲಿ ಹಳೇ ಗೈರೋ ಉಪಕರಣಗಳು ಕೂತಿರುವುದು ಅದೇ ಅಳತೆಯ ತೂತಿನಲ್ಲಿ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರಾಯಿತು, ತಗಡು ಕತ್ತರಿಸುವ ಕೆಲಸವಿಲ್ಲ. ಡೀಲರ್‌ಗೆ ಗಂಟೆ ಉಳಿಯುತ್ತದೆ. ಗಂಟೆ ಉಳಿಸುವ ಡಬ್ಬಿಯನ್ನೇ ಅವನು ಗಿರಾಕಿಗೆ ಶಿಫಾರಸು ಮಾಡುವುದು. ಇನ್ನು ವಿಮಾನದ ಮೇಲೆ ಕೂರುವ ಆಂಟೆನಾವನ್ನು ನೀವೇ ಮಾಡುವ ಹಟ ಬೇಡ. ಮಾನ್ಯತೆ ಇರುವುದನ್ನು ಕೊಂಡುಹಾಕಿ.

ಪರೀಕ್ಷೆಗಳಿಗೆ ದೂರ ಹೋಗಬೇಕಾಗಿಲ್ಲ. ಕೋಥ್ರೂಡ್ ಗುಡ್ಡದ ಮೇಲೆ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಇದೆ, ಪವಾಯಿಯ ಐಐಟಿ ಆವರಣದಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ಸಮೀರ್ ಇದೆ. ಆದರೆ ವಿಮಾನ ಉಪಕರಣಕ್ಕೆ ಬೇಕಾದ್ದು, ಶಾಖ, ಕಂಪನದಂಥವನ್ನು ತಾಳುತ್ತದಾ ಎಂದು ನೋಡುವ ಡಿಒ-160 ಮಾನದಂಡದ ಪ್ರಕಾರದ ಪರೀಕ್ಷೆ. ಯಾವ ಯಾವ ವಿಭಾಗ ಅವರಲ್ಲಿ ಆಗುತ್ತದೆ, ವರದಿಯನ್ನು ಡಿಜಿಸಿಎ ಒಪ್ಪುತ್ತದಾ ಎಂದು ಮೊದಲು ಬರೆದು ಕೇಳಿ, ಆಮೇಲೆ ದುಡ್ಡು ಕಟ್ಟಿ.

ಕೂರಿಸುವ ಒಪ್ಪಿಗೆ, ಅಂದರೆ ಎಸ್‌ಟಿಸಿ, ನಿಮ್ಮ ಹೆಸರಲ್ಲೇ ಇರಬೇಕೆಂದಿಲ್ಲ. ಅಮೆರಿಕದ ಡೈನಾನ್ ಕಂಪನಿಯ ಕಥೆ ನಿಮಗೆ ಉಪಯೋಗ. 2000ದಲ್ಲಿ ಶುರುವಾದ ಅವರು ವರ್ಷಗಟ್ಟಲೆ ಮನೆಯಲ್ಲಿ ಕಟ್ಟಿದ ವಿಮಾನಗಳಿಗೆ ಮಾತ್ರ ಮಾರಿದರು, ಅಲ್ಲಿ ಪ್ರಮಾಣಪತ್ರದ ಕಾಟವಿಲ್ಲ. 2016ರಲ್ಲಿ ಅವರ ಸಣ್ಣ ಡಿಸ್‌ಪ್ಲೇಯನ್ನು ಸೆಸ್ನಾದಂಥ ವಿಮಾನಗಳಿಗೆ ಹಾಕಲು ಎಸ್‌ಟಿಸಿ ಬಂತು. ಅದನ್ನು ತೆಗೆದುಕೊಂಡದ್ದು ಕಂಪನಿ ಅಲ್ಲ, ಹವ್ಯಾಸಿ ವಿಮಾನ ಪ್ರಿಯರ ಸಂಘ ಇಎಎ. ನಮ್ಮಲ್ಲಿ ಆ ಮೊದಲ ಮೆಟ್ಟಿಲೇ ಇಲ್ಲ. ಮನೆಯಲ್ಲಿ ವಿಮಾನ ಕಟ್ಟುವವರು ಅಂದರೆ ಕಾಂದಿವಲಿಯ ತಾರಸಿಯ ಮೇಲೆ ಕಟ್ಟಿದ ಅಮೋಲ್ ಯಾದವ್ ಅವರ ಹೆಸರು ಹೇಳಿ ನಿಲ್ಲಿಸಬೇಕಾಗುತ್ತದೆ, ಅವರಿಗೆ ನೋಂದಣಿ ಸಿಗಲು 2017 ಬರಬೇಕಾಯಿತು. ಆದರೆ ಎರಡನೇ ಮೆಟ್ಟಿಲು ನಿಮಗೂ ಇದೆ. ವಿನ್ಯಾಸ ಸಂಸ್ಥೆ ಎಂದು ಡಿಜಿಸಿಎ ಮಾನ್ಯತೆ ಪಡೆದವರ ಜೊತೆ ಸೇರಿ, ಒಂದೇ ಒಂದು ಮಾದರಿಗೆ, ಸೆಸ್ನಾ 172ಕ್ಕೆ, ಎಸ್‌ಟಿಸಿ ಮಾಡಿಸಿ. ಸ್ಕೂಲುಗಳಲ್ಲಿ ಅದು ಹೇರಳವಾಗಿದೆ. ಇನ್ನೊಂದು ಕಾಗದ ಮರೆಯಬೇಡಿ: ಹೊಸ ಉಪಕರಣದ ಜೊತೆ, ಅದು ವಿಮಾನಕ್ಕೆ ಹಾಕಲು ಯೋಗ್ಯ ಎಂದು ಹೇಳುವ ಸಿಎ ಫಾರ್ಮ್ 1 ಹೋಗಬೇಕು, ಅದನ್ನು ಕೊಡಲು ನಿಮ್ಮ ಕಾರ್ಖಾನೆಗೆ ಉತ್ಪಾದನಾ ಮಾನ್ಯತೆ ಬೇಕು. ಆ ಫಾರ್ಮ್ ಇಲ್ಲದ ಡಬ್ಬಿ ಡೀಲರ್‌ನ ಸ್ಟೋರಿನ ಒಳಗೇ ಹೋಗುವುದಿಲ್ಲ.

ಈಗ ನಿಮ್ಮ ಭಾವನವರ ಮಾತು. ಅವರ ಆಸೆ ನನಗೆ ಅರ್ಥವಾಗುತ್ತದೆ. ದೊಡ್ಡವರೊಬ್ಬರು ವರ್ಷಕ್ಕೆ ಇಷ್ಟು ಡಬ್ಬಿ ಅಂತ ತೆಗೆದುಕೊಂಡರೆ ಹತ್ತು ಕಡೆ ಅಲೆಯುವ ಕಷ್ಟವಿಲ್ಲ. ಅವರಿಗೆ ಎವಿಡೈನ್ ಕಥೆ ಹೇಳಿ. ಅಮೆರಿಕದ ಈ ಕಂಪನಿಯ ಎಂಟೆಗ್ರಾ ಡಿಸ್‌ಪ್ಲೇ 2003ರಲ್ಲಿ ಸಿರಸ್ ಎಸ್‌ಆರ್22 ವಿಮಾನದಲ್ಲಿ ಬಂತು. ಸಿರಸ್ ಬಿಸಿ ದೋಸೆಯಂತೆ ಖರ್ಚಾಗುತ್ತಿದ್ದ ಕಾಲ ಅದು, ಜೊತೆಗೆ ಎವಿಡೈನ್ ಕೂಡ ಬೆಳೆಯಿತು. 2008ರಲ್ಲಿ ಸಿರಸ್ ತನ್ನ ಹೊಸ ಕಾಕ್‌ಪಿಟ್‌ಗೆ ಎವಿಡೈನ್‌ನ ಎದುರಾಳಿ ಗಾರ್ಮಿನ್ ಕಂಪನಿ ಕಡೆ ಹೋಯಿತು. ಎವಿಡೈನ್‌ಗೆ ಆಮೇಲೆ ಕೈಹಿಡಿದದ್ದು ಡೀಲರ್‌ಗಳ ದಾರಿ. ಸಾವಿರಾರು ವಿಮಾನಗಳಲ್ಲಿ ಗಾರ್ಮಿನ್‌ನದೇ ಹಳೇ ಜಿಎನ್‌ಎಸ್ 530 ಕೂತಿತ್ತಲ್ಲ, ಅದನ್ನು ಎಳೆದು ತೆಗೆದರೆ ಅದೇ ಟ್ರೇಯೊಳಗೆ ಜಾರಿ ಕೂರುವ ಐಎಫ್‌ಡಿ540ನ್ನು ಮಾಡಿ, 2014ರಲ್ಲಿ ಪ್ರಮಾಣಪತ್ರ ಪಡೆದರು. ಡೀಲರ್‌ಗೆ ಹೊಸ ವೈರಿಂಗ್ ಬಹುಮಟ್ಟಿಗೆ ಇಲ್ಲ. ಎದುರಾಳಿಯ ಟ್ರೇಯನ್ನೇ ತಮ್ಮ ಅಂಗಡಿಯ ಬಾಗಿಲು ಮಾಡಿಕೊಂಡರು. ಆ ಬುದ್ಧಿವಂತಿಕೆಗೆ ನಾನು ಈಗಲೂ ತಲೆದೂಗುತ್ತೇನೆ.

ಗಾರ್ಮಿನ್ ಬಂದ ದಾರಿಯೂ ಇದೇ ಕ್ರಮದ್ದು. 1989ರಲ್ಲಿ ಶುರು. ಮೊದಲ ಉತ್ಪನ್ನ ಜಿಪಿಎಸ್ 100 ಜನರ ಕಣ್ಣಿಗೆ ಬಿದ್ದದ್ದು 1990ರಲ್ಲಿ ಶಿಕಾಗೋದ ಬೋಟಿನ ಉಪಕರಣಗಳ ಪ್ರದರ್ಶನದಲ್ಲಿ. ನಿಮ್ಮ ಹಾಗೆ ನೀರಿನಿಂದ ಬಂದವರೇ. 1998ರಲ್ಲಿ ಜಿಎನ್‌ಎಸ್ 430 ಡೀಲರ್‌ಗಳ ಮೂಲಕ ಹಳೇ ವಿಮಾನಗಳಿಗೆಲ್ಲ ಹೊಕ್ಕಿತು. ಇಡೀ ಕಾಕ್‌ಪಿಟ್‌ ಅವರದೇ ಆದ ಜಿ1000 ಸಣ್ಣ ವಿಮಾನ ಕಂಪನಿಗಳ ಕಾರ್ಖಾನೆಯೊಳಗೆ ಹೋದದ್ದು ಅದಾದ ಮೇಲೆ, 2004ರ ಹೊತ್ತಿಗೆ. ವಿಮಾನ ತಯಾರಿಸುವ ಕಂಪನಿಯ ಎಂಜಿನಿಯರ್ ಕೇಳುವ ಮೊದಲ ಪ್ರಶ್ನೆ ‘ಇದು ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ಕೆಟ್ಟಿದೆ’ ಎಂಬುದು. ಆ ಉತ್ತರ ಡೀಲರ್‌ಗಳ ರಿಪೇರಿ ಪುಸ್ತಕದಲ್ಲಿ ಹುಟ್ಟುತ್ತದೆ. ನಿಮ್ಮ ಲ್ಯಾಬ್‌ನಲ್ಲಿ ಹುಟ್ಟುವುದಿಲ್ಲ.

ಎರಡನೇ ಪ್ರಶ್ನೆ, ‘ಎಷ್ಟು ವರ್ಷ ಕೊಡುತ್ತೀರಿ?’ ಡಾರ್ನಿಯರ್ 228 ಮೊದಲು ಹಾರಿದ್ದು 1981ರಲ್ಲಿ. ಎಚ್‌ಎಎಲ್ ಕಾನ್ಪುರದಲ್ಲಿ ಅದನ್ನು ಇನ್ನೂ ಮಾಡುತ್ತಿದೆ, ಗೋವಾದ ದಾಬೋಲಿಂನಲ್ಲಿ ನೌಕಾಪಡೆಯ ಡಾರ್ನಿಯರ್‌ಗಳನ್ನು ನೀವೂ ನೋಡಿರುತ್ತೀರಿ. ನಿಮ್ಮ ಜಿಪಿಎಸ್ ಚಿಪ್ಪು ಇನ್ನೆಷ್ಟು ವರ್ಷ ಮಾರುಕಟ್ಟೆಯಲ್ಲಿ ಇರುತ್ತದೆ? ಚಿಪ್ಪು ನಿಂತ ದಿನ ನೀವು ಹೊಸದನ್ನು ಹಾಕಿದರೆ ಪರೀಕ್ಷೆಗಳ ಬಹುಭಾಗ ಮತ್ತೆ ಮಾಡಬೇಕು. ಇಲ್ಲವೇ ನಿಲ್ಲುವ ಮುಂಚೆ ಮುಂದಿನ ವರ್ಷಗಳಿಗೆಲ್ಲ ಬೇಕಾದಷ್ಟು ಕೊಂಡು ತೇವ ತಾಗದ ಕಪಾಟಿನಲ್ಲಿ ಇಡಬೇಕು. ಆ ದುಡ್ಡನ್ನು ಯಾರು ಹಾಕುತ್ತಾರೆ ಎಂಬುದು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ತೀರ್ಮಾನವಾಗಬೇಕು. ತಡವಾದರೆ ದಂಡದ ಷರತ್ತೂ ಇರುತ್ತದೆ. ಸರ್ಕಾರಿ ಖರೀದಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ ಅರ್ಧ ಶೇಕಡಾ, ಹೆಚ್ಚೆಂದರೆ 10 ಶೇಕಡಾ. ನಿಮ್ಮ ಲಾಭವೇ ಅಷ್ಟಿದ್ದರೆ ಒಂದು ಚಿಪ್ಪು ಬಂದರಿನಲ್ಲಿ ಸಿಕ್ಕಿಕೊಂಡರೂ ವರ್ಷದ ದುಡಿಮೆ ಹೋಯಿತು. ಹಣ ಬರುವ ಕಡೆ ನಿಮಗೊಂದು ಬಲ ಇದೆ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ ಗರಿಷ್ಠ 45 ದಿನದೊಳಗೆ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾನೂನು ಹೇಳುತ್ತದೆ. ಭಾವನವರಿಗೆ ಇದು ಗೊತ್ತಿರುತ್ತದೆ. ಆದರೆ 45 ದಿನ ಎಣಿಸುವುದು ಅವರು ಮಾಲು ಒಪ್ಪಿಕೊಂಡ ಮೇಲೆ. ತಪಾಸಣೆ ಸರದಿಯಲ್ಲಿ ಕೂತ ದಿನಗಳ ಮೇಲೂ ಒಂದು ಕಣ್ಣಿರಲಿ.

ಎಚ್‌ಎಎಲ್ ಅಂದರೆ ಬಹುಮಟ್ಟಿಗೆ ಸೇನೆಯ ಕೆಲಸ. ಅಲ್ಲಿ ಡಿಜಿಸಿಎ ಬದಲು ಸೇನಾ ವಿಮಾನಗಳ ಹಾರಾಟ ಯೋಗ್ಯತೆ ನೋಡುವ ಸೆಮಿಲ್ಯಾಕ್ ಸಂಸ್ಥೆಯ ಒಪ್ಪಿಗೆ, ಡಿಜಿಎಕ್ಯುಎ ಸಂಸ್ಥೆಯ ಗುಣಮಟ್ಟ ತಪಾಸಣೆ. ನಾಗರಿಕ ವಿಮಾನಕ್ಕೆ ಮಾಡಿದ ಕಾಗದ ಅಲ್ಲಿ ಪೂರ್ತಿ ನಡೆಯುವುದಿಲ್ಲ, ಆದರೆ ಡಿಒ-178, ಡಿಒ-160ರ ಕೆಲಸ ವ್ಯರ್ಥವಾಗುವುದಿಲ್ಲ. ನಿಮಗೆ ಹತ್ತಿರದ್ದು ನಾಸಿಕ್ ಪಕ್ಕದ ಓಝರ್. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ತೇಜಸ್ ಮಾರ್ಕ್ 1ಎ ಮತ್ತು ಎಚ್‌ಟಿಟಿ-40 ತರಬೇತಿ ವಿಮಾನದ ಹೊಸ ಸಾಲುಗಳು ಉದ್ಘಾಟನೆಯಾದವು. ಹೀಗೆಂದು ನಾಳೆಯೇ ಡಿಸ್‌ಪ್ಲೇ ಹಿಡಿದು ಹೋಗಬೇಡಿ. ಆ ವಿಮಾನಗಳ ಕಾಕ್‌ಪಿಟ್ ಯಾವತ್ತೋ ನಿಗದಿಯಾಗಿದೆ. ರಕ್ಷಣಾ ಇಲಾಖೆಯ ಸೃಜನ್ ಪೋರ್ಟಲ್‌ನಲ್ಲಿ ಹೊರಗಿನಿಂದ ತರಿಸುತ್ತಿರುವ ಸಣ್ಣಪುಟ್ಟ ಭಾಗಗಳ ಪಟ್ಟಿ ಇದೆ. ಅದರಲ್ಲಿ ನಿಮ್ಮ ಕೈಗೆ ಎಟುಕುವ ಒಂದು ಸಾದಾ ಭಾಗ, ಒಂದು ಇಂಟರ್‌ಫೇಸ್ ಕಾರ್ಡೋ ಪರೀಕ್ಷಾ ಉಪಕರಣವೋ, ಮಾಡಿ ಕೊಡಿ. ವೆಂಡರ್ ನೋಂದಣಿ ಆಗುತ್ತದೆ, ಅವರ ತಪಾಸಣೆ ಹೇಗಿರುತ್ತದೆ ಎಂದು ಗೊತ್ತಾಗುತ್ತದೆ. ಹೊಸ ರಕ್ಷಣಾ ಉತ್ಪನ್ನಗಳಿಗೆ ನೆರವು ಕೊಡುವ ಸರ್ಕಾರದ ಐಡೆಕ್ಸ್ ಯೋಜನೆಯ ಸವಾಲುಗಳನ್ನೂ ನೋಡುತ್ತಿರಿ, ಅದರಲ್ಲಿ 1.5 ಕೋಟಿವರೆಗೆ ಅನುದಾನ ಸಿಗುವ ದಾರಿ ಇದೆ. ನಾಗರಿಕ ಕಡೆ ಬೆಂಗಳೂರಿನ ಸರ್ಕಾರಿ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ಹಂಸ-ಎನ್‌ಜಿ ನಿಮಗೆ ಹೇಳಿಮಾಡಿಸಿದ ಗಾತ್ರದ ವಿಮಾನ. 2021ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು, ಎರಡು ಸೀಟು, ಫ್ಲೈಯಿಂಗ್ ಸ್ಕೂಲಿಗೆಂದೇ ಮಾಡಿದ್ದು. ಅದರ ಮೊದಲ ಕಾಕ್‌ಪಿಟ್‌ಗೆ ನೀವು ಹೋಗುವುದಿಲ್ಲ, ಎರಡನೆಯದಕ್ಕೆ ಪ್ರಯತ್ನ ಪಡಿ.

ಡ್ರೋನ್ ಕೆಲಸವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಅಲ್ಲಿ ತಯಾರಕರೇ ನೇರ ಗಿರಾಕಿ. ಆವೃತ್ತಿ ನಿಯಂತ್ರಣ, ಮೊದಲ ಮಾದರಿಯ ತಪಾಸಣೆ, ಹೇಳಿದ ದಿನಕ್ಕೆ ಮಾಲು ಕೊಡುವ ಶಿಸ್ತು ಎಲ್ಲವನ್ನೂ ಕಡಿಮೆ ಅಪಾಯದಲ್ಲಿ ಕಲಿಯಬಹುದು. ಜೊತೆಗೆ ಅಲ್ಲಿ ನೀವು ಕಲಿತ ಒಂದು ವಿದ್ಯೆಗೆ ಈಗ ವಿಮಾನದಲ್ಲೂ ಬೇಡಿಕೆ ಬಂದಿದೆ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿ ಪ್ರದೇಶದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಸುತ್ತ, ಜಿಪಿಎಸ್ ಅಡಚಣೆ ಮತ್ತು ಸುಳ್ಳು ಸಿಗ್ನಲ್‌ನ 465 ಪ್ರಕರಣಗಳಾಗಿವೆ ಎಂದು ಸರ್ಕಾರ ಲೋಕಸಭೆಗೆ ತಿಳಿಸಿತ್ತು. ಸಿಗ್ನಲ್ ಸುಳ್ಳು ಎಂದು ಗುರುತಿಸಿ ಪೈಲಟ್‌ಗೆ ಕೂಡಲೇ ಹೇಳುವುದು, ಸ್ವಲ್ಪ ಹೊತ್ತು ಬರೀ ಗೈರೋ ಸೆನ್ಸರ್‌ಗಳ ಮೇಲೆ ದಾರಿ ಕಾಯುವುದು, ಇದನ್ನು ನಿಮ್ಮ ಡ್ರೋನ್ ಮಾಡ್ಯೂಲ್ ಆಗಲೇ ಮಾಡುತ್ತಿದೆ ಎಂದು ಬರೆದಿದ್ದೀರಿ. ಬ್ರೋಷರ್‌ನಲ್ಲಿ ಗಗನ್ ಇರುವ ಜಾಗಕ್ಕೆ ಇದನ್ನು ತನ್ನಿ.

ಹೊರದೇಶದ ಡೀಲರ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ನ್ಯಾವಿಗೇಶನ್ ಉಪಕರಣಗಳು ಸ್ಕೊಮೆಟ್ ಪಟ್ಟಿಗೆ, ಅಂದರೆ ಹೊರಗೆ ಕಳಿಸಲು ಸರ್ಕಾರದ ಪರವಾನಗಿ ಬೇಕಾದ ವಸ್ತುಗಳ ಪಟ್ಟಿಗೆ, ಬರಬಹುದು. ಸೆಕೆಂಡಿಗೆ 600 ಮೀಟರ್ ಮೇಲಿನ ವೇಗದಲ್ಲೂ ಕೆಲಸ ಮಾಡುವ ವಿಮಾನ ರಿಸೀವರ್‌ಗಳ ಮೇಲೆ ಜಗತ್ತಿನಾದ್ಯಂತ ಕಣ್ಣಿದೆ. ಹೊರಗೆ ಕಳಿಸುವ ಮಾದರಿಯಲ್ಲಿ ವೇಗದ ಮಿತಿ ಹಾಕಿ, ದಾಖಲೆ ಇಟ್ಟುಕೊಳ್ಳಿ. ಅಮೆರಿಕಕ್ಕಂತೂ ಉತ್ಪನ್ನ ಹೊಣೆಗಾರಿಕೆಯ ವಿಮೆ ಇಲ್ಲದೆ ಒಂದು ಡಬ್ಬಿಯೂ ಬೇಡ. 1994ರ ಅಲ್ಲಿನ ಕಾನೂನು ಸಣ್ಣ ವಿಮಾನ ಮತ್ತು ಅದರ ಭಾಗಗಳ ತಯಾರಕರಿಗೆ ರಕ್ಷಣೆ ಕೊಡುವುದು 18 ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಕೇಸು ನಿಮ್ಮ ಬಾಗಿಲಿಗೆ ಬರಬಹುದು.

ಕೊನೆಯದಾಗಿ ಬೆಂಗಳೂರು. ಕಾರ್ಖಾನೆ ಎತ್ತಿಕೊಂಡು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಭೋಸರಿಯಲ್ಲಿ ಸಿಗುವ ಮಶಿನಿಂಗ್, ಕೇಬಲ್ ಹಾರ್ನೆಸ್ ಮಾಡುವವರು, ಶೀಟ್ ಮೆಟಲ್ ಕೆಲಸದವರು, ಅದೂ ಫೋನ್ ಮಾಡಿದರೆ ಸಂಜೆಗೆ ಬರುವವರು, ಅಲ್ಲಿ ಮತ್ತೆ ಮೊದಲಿಂದ ಹುಡುಕಬೇಕು. ಸ್ಕೂಲುಗಳೂ ಓಝರ್ ಕೂಡ ನಿಮಗೆ ಈ ಕಡೆಯಿಂದಲೇ ಹತ್ತಿರ. ಆದರೆ ಸೆಮಿಲ್ಯಾಕ್, ಎನ್‌ಎಎಲ್, ಎಚ್‌ಎಎಲ್ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಅಲ್ಲೊಬ್ಬರು ನಿಮ್ಮವರು ಬೇಕು. ಮಾರಾಟದ ಹುಡುಗನನ್ನು ಇಡಬೇಡಿ. ಈ ಸಂಸ್ಥೆಗಳಲ್ಲಿ ಪ್ರಮಾಣೀಕರಣದ ಕೆಲಸ ಮಾಡಿ ನಿವೃತ್ತರಾದವರನ್ನು ವಾರಕ್ಕೆ ಎರಡು ದಿನದ ಸಲಹೆಗಾರರಾಗಿ ಇಟ್ಟುಕೊಳ್ಳಿ, ನಿವೃತ್ತಿಯ ನಂತರ ಬೇರೆ ಕೆಲಸ ಹಿಡಿಯುವ ಮುನ್ನ ಕಾಯಬೇಕಾದ ಅವಧಿ ಮುಗಿದಿದೆಯೇ ಎಂದು ಖಚಿತ ಮಾಡಿಕೊಂಡು. ಅವರಿಗೆ ಕೊಡುವ ಮೊದಲ ಕೆಲಸ, ಹೊರೈಜನ್ ಮತ್ತು ನಕ್ಷೆ ಬೇರೆ ಮಾಡಿದ ಮೇಲೆ ಯಾವುದಕ್ಕೆ ಯಾವ ಹಂತದ ಸಾಫ್ಟ್‌ವೇರ್ ಕಾಗದ ಬೇಕು ಎಂದು ನಾಲ್ಕು ಪುಟದಲ್ಲಿ ಬರೆದುಕೊಡುವುದು. ಮುಂಬಯಿಯ ವ್ಯಾಪಾರಿಗೆ ಉತ್ತರ ಬರೆಯುವುದು ಆ ನಾಲ್ಕು ಪುಟ ಕೈಗೆ ಬಂದ ಮೇಲೆ ಇರಲಿ, ಅಷ್ಟರವರೆಗೆ ಚೆಕ್ ತೆಗೆದುಕೊಳ್ಳಬೇಡಿ.